ಹಾಜರಿ ಪುಸ್ತಕದ ‘ಎಲ್’: ಹೋದನೋ, ಹೋಗಿ ಬಂದನೋ?

ದಾವಣಗೆರೆ ಪೇಟೆಯ ಒಂದು ಜವಳಿ ಅಂಗಡಿ. ಹೆಸರು ಬೇಡ. ಆ ಅಂಗಡಿಯ ಹಾಜರಿ ಪುಸ್ತಕದಲ್ಲಿ ಬರೆದಿದ್ದ ಒಂದೇ ಒಂದು ಇಂಗ್ಲಿಷ್ ಅಕ್ಷರ, ಒಬ್ಬ ಮನುಷ್ಯನ ಎಂಟು ವರ್ಷದ ದುಡಿಮೆಯನ್ನು ನುಂಗಲು ಬಾಯಿ ತೆರೆದು ಕೂತಿತ್ತು. ಆ ಅಕ್ಷರ ‘ಎಲ್’.

ಇದು 2022ರ ಮಾತು. ನಾನು ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಲ್ಲಿ ಚಹಾ ಕುಡೀತಿದ್ದೆ. ಐವತ್ತು ದಾಟಿದ ಒಬ್ಬರು ಬಂದು, "ಸಾರ್, ನೀವು ಪೇಪರ್‌ನೋರಲ್ವಾ? ಇದನ್ನ ಸ್ವಲ್ಪ ಓದಿ ಹೇಳ್ತೀರಾ?" ಅಂತ ಒಂದು ಜೆರಾಕ್ಸ್ ಹಾಳೆ ಮುಂದಿಟ್ಟರು. ಹಾಜರಿ ಪುಸ್ತಕದ ಹಾಳೆ. 2018ರ ಮೇ ತಿಂಗಳದ್ದು. ಅವರ ಹೆಸರಿನ ಮುಂದೆ 4ನೇ ತಾರೀಖಿನವರೆಗೆ ‘ಪಿ’, ಅಲ್ಲಿಂದ 31ರವರೆಗೆ ಸಾಲಾಗಿ 27 ‘ಎಲ್’.

"ಲೀವು ಅಂತ ಬರ್ದಿದಾರೆ" ಅಂದೆ.

"ಹಂಗೇ ಅಂತ ನಾನೂ ತಿಳ್ಕಂಡಿದ್ದೆ ಸಾರ್. ಅವ್ರು ಲೆಫ್ಟು ಅಂತಾರೆ."

ಕತೆ ಇಷ್ಟು. ಈ ಅಣ್ಣ 2014ರ ಜೂನ್‌ನಲ್ಲಿ ಆ ಅಂಗಡಿ ಸೇರಿದವರು. ಸೀರೆ ವಿಭಾಗ. 2018ರ ಮೇ ತಿಂಗಳಲ್ಲಿ ಹರಪನಹಳ್ಳಿ ಕಡೆಯ ಹಳ್ಳಿಯಲ್ಲಿದ್ದ ಅವರ ತಾಯಿಗೆ ಲಕ್ವ ಹೊಡೆಯಿತು. ಸಾಹುಕಾರರನ್ನು ಕೇಳಿ ಊರಿಗೆ ಹೋದರು. ತಾಯಿ ಉಳಿಯಲಿಲ್ಲ. ಮಣ್ಣು ಮಾಡಿ, ದಿನ ಮಾಡಿ, ಜೂನ್ 1ಕ್ಕೆ ವಾಪಸು ಬಂದು ಅದೇ ಗಾದಿ ಮೇಲೆ ಕೂತು ಅದೇ ಸೀರೆ ಬಿಚ್ಚಿ ತೋರಿಸಿದರು. 2022ರ ಸೆಪ್ಟೆಂಬರ್ ಕೊನೆಗೆ ಕಣ್ಣು ಮಂಜಾಗಿ, ಮಂಡಿ ಹಿಡಿದು, ಇನ್ನು ಆಗೋದಿಲ್ಲ ಅಂತ ಬರೆದುಕೊಟ್ಟು ಕೆಲಸ ಬಿಟ್ಟರು. ಬಿಡುವಾಗ ಯಾರೋ ಹೇಳಿದರಂತೆ, ಗ್ರಾಚ್ಯುಟಿ ಬರ್ತದೆ ಕೇಳು ಅಂತ. ಕೇಳಿದರು.

ಅಷ್ಟೊತ್ತಿಗೆ ದೊಡ್ಡ ಸಾಹುಕಾರರು ಮನೆ ಹಿಡಿದಿದ್ದರು. ಗಲ್ಲಾ ಮೇಲೆ ಮಗ. ಲೆಕ್ಕ ಬರೆಯೋನು ಹೊಸಬ. ಆತ ಹಳೇ ಪುಸ್ತಕ ತೆಗೆದು ನೋಡಿದ. ಮೇ ತಿಂಗಳಲ್ಲಿ ಎಲ್, ಎಲ್, ಎಲ್. ಜೂನ್ ಹಾಳೆಯಲ್ಲಿ ಇವರ ಹೆಸರು ಇದ್ದ ಜಾಗದಲ್ಲಿ ಇಲ್ಲ, ಪಟ್ಟಿಯ ಕಟ್ಟಕಡೆಯಲ್ಲಿದೆ, ಹೊಸಬರನ್ನು ಸೇರಿಸಿದ ಹಾಗೆ. ಅಂದರೇನು? 2018ರ ಮೇನಲ್ಲಿ ಇವನು ಕೆಲಸ ಬಿಟ್ಟ, ಜೂನ್‌ನಲ್ಲಿ ಹೊಸದಾಗಿ ಸೇರಿದ. ಮೊದಲ ಸರ್ವಿಸ್ ನಾಲ್ಕು ವರ್ಷಕ್ಕೆ ಒಂದು ತಿಂಗಳು ಕಮ್ಮಿ. ಎರಡನೇ ಸರ್ವಿಸ್ ನಾಲ್ಕು ವರ್ಷ ನಾಲ್ಕು ತಿಂಗಳು. ಗ್ರಾಚ್ಯುಟಿಗೆ ಐದು ವರ್ಷ ಬೇಕು. ಆ ಕಡೆಯೂ ಐದಿಲ್ಲ, ಈ ಕಡೆಯೂ ಐದಿಲ್ಲ. ಮುಗೀತು.

ಎಷ್ಟು ದುಡ್ಡಿನ ಮಾತು ಅಂತೀರಾ? ಕೊನೆಯ ಸಂಬಳ 13,000. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷಕ್ಕೆ 7,500. ಎಂಟು ವರ್ಷಕ್ಕೆ 60,000. ಸೀರೆ ಅಂಗಡಿಯಲ್ಲಿ ನಿಂತು ಮಂಡಿ ಸವೆಸಿದವನಿಗೆ ಅದು ಸಣ್ಣ ದುಡ್ಡಲ್ಲ.

ಒಂದೇ ಸ್ಟ್ಯಾಂಡಿಗೆ ಬಂದ ಎರಡು ಬಸ್ಸು

ನಾನು ಪಿಯುಸಿ ಮುಗಿಸಿದವನಲ್ಲ. ಎರಡನೇ ವರ್ಷದಲ್ಲಿ ಬಿಟ್ಟೆ. ಆದರೂ ಆ ಹಾಳೆ ನೋಡಿದ ಮೇಲೆ ರಾತ್ರಿ ಡಿಕ್ಷನರಿ ತೆಗೆದು ಕೂತೆ. ಆಮೇಲೆ ತಿಳಿದವರನ್ನೂ ಕೇಳಿದೆ. ‘ಲೀವ್’ ಅನ್ನೋದು ಒಂದು ಮಾತಲ್ಲ ಸ್ವಾಮಿ, ಎರಡು ಮಾತು. ಎರಡು ಬೇರೆ ಬೇರೆ ಊರಿನಿಂದ ಹೊರಟ ಬಸ್ಸು ಒಂದೇ ಸ್ಟ್ಯಾಂಡಿಗೆ ಬಂದು ಒಂದೇ ಬೋರ್ಡು ಹಾಕಿಕೊಂಡು ನಿಂತ ಹಾಗೆ.

ಒಂದು ‘ಲೀವ್’ ಬಿಟ್ಟು ಹೋಗೋದು. ಹಳೇ ಇಂಗ್ಲಿಷಿನಲ್ಲಿ ಅದರ ಅರ್ಥ ಹೋಗೋದು ಅಂತಲೂ ಅಲ್ಲ, ಉಳಿಸಿ ಇಡೋದು ಅಂತ. ಒಂದು ವಸ್ತುವನ್ನು ಇಟ್ಟು ನಾನು ಹೋದರೆ, ನನ್ನ ಲೆಕ್ಕದಲ್ಲಿ ನಾನು ಹೋದೆ, ವಸ್ತುವಿನ ಲೆಕ್ಕದಲ್ಲಿ ಅದು ಉಳೀತು. ಅದಕ್ಕೇ ಇವತ್ತಿಗೂ ಇಂಗ್ಲಿಷಿನಲ್ಲಿ ‘ಲೆಫ್ಟ್’ ಅಂದರೆ ಹೋದ ಅಂತಲೂ ಆಗ್ತದೆ, ಉಳಿದಿದೆ ಅಂತಲೂ ಆಗ್ತದೆ. ಸೀರೆ ಎರಡೇ ಲೆಫ್ಟ್ ಅಂದರೆ ಎರಡು ಉಳಿದಿವೆ. ಸೇಲ್ಸ್‌ಮನ್ ಲೆಫ್ಟ್ ಅಂದರೆ ಅವನು ಉಳಿದಿಲ್ಲ. ಸತ್ತವರು ಮಕ್ಕಳಿಗೆ ಆಸ್ತಿ ಬಿಟ್ಟು ಹೋಗೋದಕ್ಕೂ ಅವರು ಇದೇ ಮಾತು ಹೇಳ್ತಾರೆ.

ಇನ್ನೊಂದು ‘ಲೀವ್’ ಇದೆ. ಅದರ ಅರ್ಥ ಅಪ್ಪಣೆ, ಅನುಮತಿ. ಹೋಗೋದಕ್ಕೂ ಅದಕ್ಕೂ ಮೂಲದಲ್ಲಿ ನೆಂಟಸ್ತನ ಇಲ್ಲ. ಜರ್ಮನ್ನರು ರಜೆಗೆ ‘ಉರ್ಲಾಬ್’ ಅಂತಾರೆ, ಅದು ಈ ಅಪ್ಪಣೆಯ ಲೀವ್‌ನ ದಾಯಾದಿ. ಹಿಂದೆ ಅವರಲ್ಲಿ ದೊಡ್ಡವರ ಮನೆಯಿಂದ ಎದ್ದು ಬರುವಾಗ ಅಪ್ಪಣೆ ಕೇಳಿ ಬರಬೇಕಿತ್ತು. ಅದಕ್ಕೆ ‘ಟೇಕ್ ಲೀವ್’ ಅಂದರು. ಆಮೇಲೆ ಸಿಪಾಯಿ, ಗುಮಾಸ್ತ ಎಲ್ಲರೂ ಕೆಲಸಕ್ಕೆ ಬಾರದಿರಲು ಅಪ್ಪಣೆ ಕೇಳುವ ಕಾಲ ಬಂತು. ಆ ಅಪ್ಪಣೆಯೇ ಇವತ್ತಿನ ‘ಲೀವು’.

ನಂಬಿಕೆ ಬರೋದಿಲ್ಲವಾ? ಪೇಪರಿನಲ್ಲಿ ಸುಪ್ರೀಂ ಕೋರ್ಟಿನ ಸುದ್ದಿ ಓದಿರ್ತೀರಿ. ‘ಸ್ಪೆಷಲ್ ಲೀವ್ ಪಿಟಿಷನ್’ ಹಾಕಿದರು ಅಂತ ಬರ್ತದೆ. ಜಡ್ಜ್ ಸಾಹೇಬರು ರಜೆ ಕೇಳಿದರು ಅಂತಲ್ಲ. ಸಂವಿಧಾನದ 136ನೇ ವಿಧಿ ಪ್ರಕಾರ, ಅಪೀಲು ಹಾಕಲು ವಿಶೇಷ ಅಪ್ಪಣೆ ಕೊಡಿ ಅನ್ನುವ ಅರ್ಜಿ ಅದು. ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಇವತ್ತಿಗೂ ‘ಲೀವ್’ ಅಂದರೆ ಅನುಮತಿ.

ಇಷ್ಟು ತಿಳಿದ ಮೇಲೆ ಆ ಹಾಳೆಯ ‘ಎಲ್’ ಎಂಥ ಆಟ ಆಡಿದೆ ನೋಡಿ. ಹಳೇ ಗುಮಾಸ್ತ ಬರೆದದ್ದು ಅಪ್ಪಣೆಯ ಎಲ್. ಹೊಸ ಗುಮಾಸ್ತ ಓದಿದ್ದು ಬಿಟ್ಟುಹೋದ ಎಲ್.

ರಜೆ, ರಾಜಿ, ರಾಜೀನಾಮೆ

ಇಂಗ್ಲಿಷಿನವರದು ಹಾಗಾಯಿತು, ನಮ್ಮ ರಜೆ ಏನು? ಅದೂ ಅಚ್ಚಗನ್ನಡ ಅಲ್ಲ. ಅರಬ್ಬಿಯಿಂದ ಪಾರ್ಸಿಗೆ, ಪಾರ್ಸಿಯಿಂದ ಮರಾಠಿ, ಹಿಂದೂಸ್ತಾನಿ ದಾರಿಯಲ್ಲಿ ನಮ್ಮ ಕಚೇರಿಗೆ ಬಂದ ಮಾತು. ಮೂಲ ‘ರಜಾ’. ಅರ್ಥ ಏನು ಗೊತ್ತೆ? ಒಪ್ಪಿಗೆ, ಅನುಮತಿ! ಎಲ್ಲಿಯ ಇಂಗ್ಲೆಂಡು, ಎಲ್ಲಿಯ ಅರಬಸ್ತಾನ. ಇಬ್ಬರೂ ಕೆಲಸದವನ ಬಿಡುವಿಗೆ ಒಂದೇ ಯೋಚನೆಯ ಮಾತು ಹಿಡಿದಿದ್ದಾರೆ. ದುಡಿಯುವವನು ಒಂದು ದಿನ ಮನೆಯಲ್ಲಿ ಕೂರಬೇಕಾದರೆ ಇನ್ನೊಬ್ಬನ ಒಪ್ಪಿಗೆ ಬೇಕು ಅನ್ನೋದು ಎಲ್ಲ ದೇಶದ ಹಣೆಬರಹ ಅಂತ ಕಾಣ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಬೇರಿನಿಂದ ಬಂದದ್ದು ‘ರಾಜಿ’. ಇಬ್ಬರೂ ಒಪ್ಪಿದರು ಅಂತ. ಅದಕ್ಕೆ ‘ನಾಮೆ’ ಸೇರಿಸಿ, ಅಂದರೆ ಕಾಗದ ಸೇರಿಸಿ, ‘ರಾಜೀನಾಮೆ’ ಆಯಿತು. ಉರ್ದುವಿನಲ್ಲಿ ಅದು ಒಪ್ಪಂದದ ಪತ್ರ. ನಮ್ಮಲ್ಲಿ, ಮರಾಠಿಯಲ್ಲಿ, ಕೆಲಸ ಬಿಡುವ ಪತ್ರ. ಹಾಗಾಗಿ ರಜೆ ಕೇಳೋದೂ ರಾಜೀನಾಮೆ ಕೊಡೋದೂ ಒಂದೇ ಮನೆತನದ ಅಣ್ಣತಮ್ಮಂದಿರು. ಒಂದು ಹೋಗಿ ಬರೋದಕ್ಕೆ, ಒಂದು ಹೋಗೋದಕ್ಕೆ. ಆದರೆ ಎರಡಕ್ಕೂ ಕಾಗದ ಬೇಕು, ಎರಡು ಕಡೆಯ ಒಪ್ಪಿಗೆ ಬೇಕು.

ಇಲ್ಲೇ ನನಗೆ ಆ ಅಣ್ಣನ ಕೇಸಿನ ಕೀಲಿಕೈ ಸಿಕ್ಕಿದ್ದು. 2022ರಲ್ಲಿ ಅವರು ಬಿಡುವಾಗ ರಾಜೀನಾಮೆ ಬರೆದುಕೊಟ್ಟಿದ್ದರು, ಅಂಗಡಿಯವರು ತಗೊಂಡು ಫೈಲಿಗೆ ಹಾಕಿದ್ದರು. 2018ರಲ್ಲೂ ಬಿಟ್ಟಿದ್ದರು ಅನ್ನೋದಾದರೆ ಆಗಿನ ರಾಜೀನಾಮೆ ಎಲ್ಲಿ? ಲೆಕ್ಕ ಚುಕ್ತಾ ಮಾಡಿದ ರಸೀದಿ ಎಲ್ಲಿ? ಎರಡೂ ಇಲ್ಲ. ಇದ್ದದ್ದು ಎಲ್ ಒಂದೇ.

ದೊಡ್ಡ ಸಾಹುಕಾರರು ಅಂದದ್ದು

ಲೇಬರ್ ಆಫೀಸಿಗೆ ಅರ್ಜಿ ಕೊಡೋ ಮೊದಲು ದೊಡ್ಡ ಸಾಹುಕಾರರನ್ನು ಒಂದು ಸಲ ಕಾಣೋಣ ಅಂತ ನಾವಿಬ್ಬರೂ ಹೋದೆವು. ಎಂಬತ್ತರ ಹತ್ತಿರದ ಜೀವ. ಕಿವಿ ಮಂದ, ಬುದ್ಧಿ ಚುರುಕು. ಪೂರಾ ಕೇಳಿಸಿಕೊಂಡರು. ಆಮೇಲೆ ಇಷ್ಟೇ ಅಂದರು: "ನಾನೇ ಇವನ ಕೈಗೆ ಎರಡು ಸಾವಿರ ಕೊಟ್ಟು, ತಾಯೀನ ನೋಡ್ಕಂಡು ಬಾರಪ್ಪ ಅಂದಿದ್ದು. ಬಾ ಅಂತ ಕಳಿಸಿದ ಮೇಲೆ ಬಿಟ್ಟು ಹೋದಂಗೆ ಹೆಂಗಾಗ್ತದೆ?"

ಮಗನಿಗೆ ಫೋನ್ ಹಚ್ಚಿಸಿದರು. ಮಗ ಕೆಟ್ಟವನಲ್ಲ, ಪುಸ್ತಕ ಹೇಳಿದ್ದನ್ನು ನಂಬಿದ್ದ. ಜೂನ್ ಹಾಳೆಯಲ್ಲಿ ಹೆಸರು ಕೊನೆಗೆ ಹೋದದ್ದು ಯಾಕೆ ಅಂತಲೂ ಗೊತ್ತಾಯಿತು. ಹಳೇ ಗುಮಾಸ್ತ ತಿಂಗಳು ಶುರುವಾಗೋ ಹಿಂದಿನ ದಿನವೇ ಹೆಸರು ಬರೆದಿಡುತ್ತಿದ್ದ. ಇವರಿನ್ನೂ ಊರಲ್ಲಿದ್ದರು, ಬಿಟ್ಟುಹೋಯಿತು. ಬಂದ ಮೇಲೆ ಕೆಳಗೆ ಸೇರಿಸಿದ. ದುಡ್ಡು ಬಂತು. ಆದರೆ ಅಷ್ಟರಲ್ಲಿ ಮೂರು ತಿಂಗಳು ಆ ಮನುಷ್ಯ ತಾನು ಎಂಟು ವರ್ಷ ಕೂತ ಅಂಗಡಿಯ ಮೆಟ್ಟಿಲ ಮೇಲೆ ಭಿಕ್ಷೆಯವನ ಹಾಗೆ ನಿಂತಿದ್ದರು. ದೊಡ್ಡ ಸಾಹುಕಾರರು ಆ ಹೊತ್ತಿಗೆ ಇಲ್ಲದೇ ಹೋಗಿದ್ದರೆ? ಅವರ ಬಾಯಿಮಾತು ಅವರ ಜೊತೆಗೇ ಹೋಗ್ತಿತ್ತು.

ಹೋಗ್ತೀನಿ ಅನ್ನದ ಜನ

ನಮ್ಮ ಭಾಷೆಯ ಸ್ವಭಾವ ನೋಡಿ. ಮನೆಯಿಂದ ಹೊರಡುವಾಗ ಹೋಗ್ತೀನಿ ಅಂದರೆ ಅಮ್ಮ ಬೈತಾಳೆ. ‘ಬರ್ತೀನಿ’ ಅನ್ನಬೇಕು, ಇಲ್ಲಾ ‘ಹೋಗಿ ಬರ್ತೀನಿ’ ಅನ್ನಬೇಕು. ದೀಪ ಆರಿಸು ಅನ್ನೋದಿಲ್ಲ, ದೀಪ ದೊಡ್ಡದು ಮಾಡು ಅಂತೀವಿ. ಬಾಗಿಲು ಮುಚ್ಚು ಅನ್ನಲು ಹಿಂಜರಿದು, ಬಾಗಿಲು ಮುಂದೆ ಮಾಡು ಅಂತೀವಿ. ಪೂರ್ತಿ ಹೋಗಿಬಿಡೋದನ್ನ ನಮ್ಮ ನಾಲಿಗೆ ಒಪ್ಪೋದಿಲ್ಲ.

‘ಬಿಡು’ ಅನ್ನೋ ಮಾತನ್ನೇ ತಗೊಳ್ಳಿ. ಹರಿಹರದ ಬಸ್ಸಲ್ಲಿ ದಿನಾ ಓಡಾಡೋರಿಗೆ ಇದು ಬೆಳಗಿನಿಂದ ಸಂಜೆವರೆಗೆ ಕಿವಿಗೆ ಬೀಳೋ ಮಾತು. ‘ಬಸ್ಸು ಬಿಡ್ತು’ ಅಂದರೆ ಹೊರಟಿತು. ‘ಸ್ವಲ್ಪ ಜಾಗ ಬಿಡ್ರಿ’ ಅಂದರೆ ಸರಿಯಿರಿ. ‘ಗೇಟ್ ಹತ್ರ ಬಿಡಪ್ಪ’ ಅಂದರೆ ಇಳಿಸು. ‘ಹೋಗ್ಲಿ ಬಿಡಿ’ ಅಂದರೆ ಮರೆತುಬಿಡಿ. ಕೆಲಸ ಬಿಡೋದು ಇದೇ ‘ಬಿಡು’. ಕೆಲಸದ ನಡುವೆ ಸಿಗುವ ‘ಬಿಡುವು’ ಕೂಡ ಇದರದೇ ಮಗು. ಗಿಡ ಹೂ ಬಿಟ್ಟಿತು ಅಂದಾಗ ಹೂ ಬಂತು ಅಂತ ಅರ್ಥ. ದಂಡು ಬಂದು ತಂಗಿದ ಜಾಗಕ್ಕೆ ‘ಬೀಡು’ ಅಂದರು. ಹೋಗೋದು, ಬರೋದು, ತಂಗೋದು ಎಲ್ಲ ಒಂದೇ ಮಾತಿನ ಹೊಟ್ಟೆಯಲ್ಲಿವೆ. ಬಾಯಲ್ಲಿ ಆಡುವಾಗ ಯಾರಿಗೂ ಗೊಂದಲ ಇಲ್ಲ. ದನಿ ಇದೆ, ಮುಖ ಇದೆ, ಸಂದರ್ಭ ಇದೆ. ಹಾಳೆಯ ಮೇಲೆ ಒಂದು ಅಕ್ಷರ ಮಾತ್ರ ಉಳಿದಾಗ ಗೊಂದಲ.

ನನ್ನದೂ ಒಂದು ಹಾಳೆ ಇದೆ. ಪಿಯುಸಿ ಬಿಟ್ಟಾಗ ಕೊಟ್ಟ ಟಿ.ಸಿ. ಅದರಲ್ಲಿ ಬಿಟ್ಟ ಕಾರಣ ಬರೆಯಲು ಒಂದು ಸಾಲಿನ ಜಾಗ. ಮನೆ ಕಷ್ಟ ಅಂತ ಹೇಳಿದೆ. ‘ಸ್ವಂತ ಇಚ್ಛೆ’ ಅಂತ ಬರೆದರು. ನನ್ನ ಇಚ್ಛೆ ಅದಾಗಿರಲಿಲ್ಲ. ಇವತ್ತಿಗೂ ಆ ಹಾಳೆ ಓದಿದವರಿಗೆ ನಾನು ಓದು ಬೇಡ ಅಂತ ಹೋದ ಹುಡುಗ. ಅದಕ್ಕೂ ಮೊದಲು ಕೈಗೆ ಸಿಕ್ಕಿದ್ದ ಎಸ್ಸೆಸ್ಸೆಲ್ಸಿಯಲ್ಲೂ ಒಂದು ಎಲ್ ಇದೆ, ಗಮನಿಸಿದ್ದೀರಾ? ‘ಸೆಕೆಂಡರಿ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್’. ಕೋಟಿಗಟ್ಟಲೆ ಜನ ಇಟ್ಟುಕೊಂಡಿರುವ ಆ ಕಾಗದ ನಾವು ಏನು ಕಲಿತೆವು ಅನ್ನೋದಕ್ಕಿಂತ ಮೊದಲು, ಶಾಲೆ ಬಿಟ್ಟೆವು ಅಂತ ಹೇಳ್ತದೆ. ಅದು ಗೌರವದ ಬಿಡುಗಡೆ. ನನ್ನ ಟಿ.ಸಿ.ಯದು ಬೇರೆ ಥರದ ಬಿಡುಗಡೆ. ಮಾತು ಒಂದೇ.

ಅಂಗಡಿಯವರಿಗೂ ಒಂದು ಮಾತು

ಅಂಗಡಿಯವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಯುಗಾದಿಗೆ ಎರಡು ದಿನ ಅಂತ ಹೋದ ಹುಡುಗ ತಿಂಗಳಾದರೂ ಬರೋದಿಲ್ಲ. ಫೋನ್ ಸ್ವಿಚ್ ಆಫ್. ವಿಚಾರಿಸಿದರೆ ಪಕ್ಕದ ಬೀದಿ ಅಂಗಡಿಯಲ್ಲಿ ಐನೂರು ಜಾಸ್ತಿಗೆ ಸೇರಿಕೊಂಡಿರ್ತಾನೆ. ಮದುವೆ ಸೀಸನ್ನು, ಗಿರಾಕಿ ತುಂಬಿದ್ದಾರೆ, ಮಾಲೀಕನೇ ಸೀರೆ ಮಡಚಬೇಕು. ಅಂಥ ಕಡೆ ಲೆಫ್ಟ್ ಅಂತ ಬರೆಯೋದು ತಪ್ಪಲ್ಲ. ಆದರೆ ಅದು ಲೆಫ್ಟ್ ಅಂತಲೇ ಬರೀರಿ, ತಾರೀಖು ಹಾಕಿ ಬರೀರಿ. ಬರೀ ಎಲ್ ಬರೆದರೆ, ನಾಳೆ ಆ ಹುಡುಗನೇ ಬಂದು ಅದು ಲೀವು ಸಾರ್ ಅಂದರೆ ನಿಮ್ಮ ಕೈಯಲ್ಲೂ ಏನೂ ಇರೋದಿಲ್ಲ. ಆ ಅಕ್ಷರ ಎರಡೂ ಕಡೆ ಕುಯ್ಯುವ ಕತ್ತಿ.

ಇನ್ನು ಕಾಯಿದೆ ಏನು ಹೇಳ್ತದೆ? ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರದು. ಅದರ ಪ್ರಕಾರ ಕೆಲಸದವರಿಗೆ ವಾರಕ್ಕೆ ಒಂದು ದಿನ ರಜೆ. ಅದಲ್ಲದೆ 20 ದಿನ ದುಡಿದರೆ ಒಂದು ದಿನ ಸಂಬಳ ಸಹಿತ ರಜೆ ಜಮೆ ಆಗ್ತದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 12 ದಿನದವರೆಗೆ ಬೇರೆ. ಇದು ಸಾಹುಕಾರರ ಧರ್ಮಬುದ್ಧಿಯಿಂದ ಕೊಡುವ ದಾನವಲ್ಲ, ದುಡಿದು ಕೂಡಿಟ್ಟ ಗಂಟು. ಹಾಗಾಗಿ ‘ಲೀವ್’ ಅಂದರೆ ಅಪ್ಪಣೆ ಅನ್ನುವ ಹಳೇ ಅರ್ಥ ಈಗ ಅರ್ಧ ಮಾತ್ರ ನಿಜ. ಯಾವಾಗ ಹೋಗೋದು ಅನ್ನೋದಕ್ಕೆ ಅಪ್ಪಣೆ ಬೇಕು. ಹೋಗಬಹುದೋ ಇಲ್ಲವೋ ಅನ್ನೋದು ಹಕ್ಕು.

ಗ್ರಾಚ್ಯುಟಿ ವಿಷಯಕ್ಕೆ ಬಂದರೆ, ಆ ಅಣ್ಣನ ಕಾಲಕ್ಕೆ ಇದ್ದದ್ದು 1972ರ ಕಾಯಿದೆ. ಹತ್ತು ಮಂದಿ ಮತ್ತು ಅದಕ್ಕಿಂತ ಜಾಸ್ತಿ ಕೆಲಸದವರಿದ್ದ ಅಂಗಡಿಗೆ ಅದು ಅನ್ವಯ. ಅವರ ಅಂಗಡಿಯಲ್ಲಿ ಹನ್ನೆರಡು ಮಂದಿ. ರಜೆ, ಕಾಯಿಲೆ, ಅಪಘಾತ ಇಂಥವುಗಳಿಂದ ಸರ್ವಿಸ್ ತುಂಡಾಗೋದಿಲ್ಲ ಅಂತ ಆ ಕಾಯಿದೆಯಲ್ಲೇ ಇತ್ತು. 2025ರ ನವೆಂಬರ್‌ನಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕಾಯಂ ಕೆಲಸದವರಿಗೆ ಐದು ವರ್ಷದ ಲೆಕ್ಕವೂ ವರ್ಷಕ್ಕೆ 15 ದಿನದ ಲೆಕ್ಕವೂ ಹೊಸದರಲ್ಲೂ ಇವೆ. ಅಂದಮೇಲೆ ಒಂದು ಎಲ್ ಸರ್ವಿಸನ್ನು ತುಂಡು ಮಾಡಿತೋ ಇಲ್ಲವೋ ಅನ್ನುವ ಜಗಳವೂ ಹಾಗೇ ಇದೆ.

ನಾನು ಕೇಳೋದು ದೊಡ್ಡದೇನಲ್ಲ. ಹಾಜರಿ ಪುಸ್ತಕದಲ್ಲಿ ಎಲ್ ಬದಲು ಕನ್ನಡದಲ್ಲಿ ‘ರಜೆ’ ಅಂತ ಬರೀರಿ. ಎರಡೇ ಅಕ್ಷರ. ಕೆಲಸ ಬಿಟ್ಟಿದ್ದರೆ ‘ಬಿಟ್ಟರು’ ಅಂತ ಬರೀರಿ. ಇಂಗ್ಲಿಷೇ ಬೇಕು ಅಂದರೆ ಪೂರ್ತಿ ಮಾತು ಬರೀರಿ. ರಜೆ ಹೋಗೋನು ಒಂದು ಚೀಟಿ ಬರೆದು ಕೊಡಲಿ, ಎಷ್ಟು ದಿನ, ಯಾಕೆ ಅಂತ. ಸಾಹುಕಾರರು ಅದರ ಕೆಳಗೆ ಒಂದು ಸಹಿ ಹಾಕಲಿ. ಈಗ ಎಲ್ಲರ ಕೈಯಲ್ಲೂ ಫೋನ್ ಇದೆ, ಆ ಚೀಟಿಯ ಒಂದು ಫೋಟೋ ಕೆಲಸದವನ ಹತ್ತಿರವೂ ಇರಲಿ. ಶಾಲೆಯಲ್ಲಿ ಜ್ವರ ಇಲ್ಲದಿದ್ದರೂ ‘ಸಫರಿಂಗ್ ಫ್ರಮ್ ಫೀವರ್’ ಅಂತ ಲೀವ್ ಲೆಟರ್ ಬರೆದ ಜನ ನಾವು. ನಿಜವಾಗಿ ತಾಯಿಗೆ ಲಕ್ವ ಹೊಡೆದಾಗ ಒಂದು ಸಾಲು ಬರೆಯೋದು ಕಷ್ಟವೇ?

ಬಸ್ಸಲ್ಲಿ ಹರಿಹರಕ್ಕೆ, ಹೊನ್ನಾಳಿಗೆ, ಜಗಳೂರಿಗೆ ಹೋಗ್ತಾ ಇದನ್ನು ಓದ್ತಿರೋ ಕೆಲಸದ ಬಂಧುಗಳೇ, ನೀವು ಹೋದ ವರ್ಷ ಊರಿಗೆ ಹೋಗಿದ್ದ ದಿನಗಳಲ್ಲಿ ನಿಮ್ಮ ಹೆಸರಿನ ಮುಂದೆ ಏನು ಬರೆದಿದೆ ಅಂತ ನಾಳೆ ಹೋಗಿ ಒಮ್ಮೆ ನೋಡಿ. ತೋರಿಸಿ ಅಂತ ಕೇಳೋದರಲ್ಲಿ ನಾಚಿಕೆ ಬೇಡ. ಅಂಗಡಿಯ ಹಿರಿಯರೇ, ನೀವೂ ಇವತ್ತು ರಾತ್ರಿ ಶಟರ್ ಎಳೆಯೋ ಮೊದಲು ಆ ಪುಸ್ತಕ ಒಂದು ಸಲ ತೆರೆದು, ಹೋಗಿ ಬಾ ಅಂತ ನೀವೇ ಕಳಿಸಿದವರ ಹೆಸರಿನ ಮುಂದೆ ಬರೀ ಎಲ್ ಇದ್ದರೆ ಪಕ್ಕಕ್ಕೆ ‘ರಜೆ’ ಅಂತ ಬರೆದು ಸಹಿ ಹಾಕಿ. ಗೊತ್ತಿರೋರು ಇರುವಾಗಲೇ ಅದು ಆಗಬೇಕು.

ಆ ಅಣ್ಣ ಈಗ ಹರಿಹರದಲ್ಲಿ ತಮ್ಮನ ಚಿಕ್ಕ ಬಟ್ಟೆ ಅಂಗಡಿಯಲ್ಲಿ ಕೂರ್ತಾರೆ. ಒಬ್ಬ ಹುಡುಗ ಕೆಲಸಕ್ಕಿದ್ದಾನೆ. ಮೊನ್ನೆ ಹೋದಾಗ ನೋಡಿದೆ, ಗೋಡೆಗೆ ನೇತು ಹಾಕಿದ ಕ್ಯಾಲೆಂಡರಿನಲ್ಲಿ ಎರಡು ದಿನದ ಮೇಲೆ ಪೆನ್ನಿನಲ್ಲಿ ದಪ್ಪಗೆ ಬರೆದಿದ್ದರು: ‘ಹುಡುಗನಿಗೆ ರಜೆ, ಊರಿಗೆ ಹೋಗಿದ್ದಾನೆ, ಬರುತ್ತಾನೆ.’